140 ರೂಪಾಯಿಯ ಕುಕ್ಕರ್ ರಬ್ಬರ್, 399ರ ಬಿಲ್: ಒಂದು ದೂರಿನ ಪ್ರಕರಣ ಅಧ್ಯಯನ

ನಮ್ಮ ಗ್ರಾಹಕ ವೇದಿಕೆಗೆ ಬರುವ ದೂರುಗಳಲ್ಲಿ ಟಿವಿ, ಫ್ರಿಜ್, ಮೊಬೈಲಿನದ್ದೇ ಸದ್ದು. ನೂರಿನ್ನೂರು ರೂಪಾಯಿಯ ವಸ್ತುವಿಗೆ ಯಾರೂ ದೂರು ಹಿಡಿದುಕೊಂಡು ಬರುವುದಿಲ್ಲ. ಹೀಗೆ ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಡೆಯುವ ಒಂದು ಬಗೆಯ ವ್ಯಾಪಾರ ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿದೆ. ತಾಣ ಒಂದು, ಮಾರುವವರು ನೂರಾರು. ಅವರಲ್ಲಿ ಕೆಲವರು ಅಗ್ಗದ ಸಾಮಾನಿಗೆ ಎರಡು ಮೂರು ಪಟ್ಟು ಬೆಲೆ ಹಾಕಿ ಕೂತಿರುತ್ತಾರೆ. ಅಂಥ ಒಂದು ಖರೀದಿಯ ಬೆನ್ನು ಹತ್ತಿದ ಕಥೆ ಇದು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಾಣದ ಹೆಸರನ್ನೂ ಮಾರಾಟಗಾರನ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಹಿನ್ನೆಲೆ

ಸರೋಜಮ್ಮ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ನಿವೃತ್ತ ಶಿಕ್ಷಕಿ. ಅವರ ಮನೆಯಲ್ಲಿರುವುದು ಮೂರು ಲೀಟರಿನ ಹಳೆಯ ಕುಕ್ಕರ್, ಮುಚ್ಚಳ ಒಳಗಿನಿಂದ ಕೂರುವಂಥದ್ದು. ಅದರ ರಬ್ಬರ್ ಗಟ್ಟಿಯಾಗಿ, ಅಂಚಿನಿಂದ ಆವಿ ಸೋರಿ, ವಿಷಲ್ ಕೂಗುವುದೇ ನಿಂತಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ಪಾತ್ರೆ ಅಂಗಡಿಯಲ್ಲಿ ಕೊಟ್ಟ ಲೋಕಲ್ ರಬ್ಬರ್ ಸಡಿಲವಾಗಿ ಬೇಳೆಯ ನೀರೆಲ್ಲ ಒಲೆಯ ಮೇಲೆ. "ಕಂಪನಿದೇ ಬೇಕಂದ್ರೆ ಹಾಸನಕ್ಕೇ ಹೋಗ್ಬೇಕು ಮೇಡಂ, ನಮಗೆ ಆ ಸೈಜ್ ಸಪ್ಲೈ ಇಲ್ಲ" ಎಂದು ಅಂಗಡಿಯವರು ಕೈಚೆಲ್ಲಿದರು.

ಬೆಂಗಳೂರಿನಲ್ಲಿರುವ ಮಗ ಹಿಂದೊಮ್ಮೆ ಇದೇ ರಬ್ಬರನ್ನು ಆನ್‌ಲೈನಿನಲ್ಲಿ 125 ರೂಪಾಯಿಗೆ ತರಿಸಿಕೊಟ್ಟಿದ್ದ. ಈ ಸಲವೂ ಹಳೆಯ ಆರ್ಡರ್ ತೆರೆದು "ಮತ್ತೆ ಖರೀದಿಸಿ" ಒತ್ತಿದ. ಪುಟ ಅದೇ, ಫೋಟೊ ಅದೇ, ಕೆಳಗೆ ಸಾಲುಗಟ್ಟಿದ ಒಳ್ಳೆಯ ಅಭಿಪ್ರಾಯಗಳೂ ಅವೇ. ಬೆಲೆ ಮಾತ್ರ 399. ಅದರ ಪಕ್ಕದಲ್ಲಿ ಗೀಟು ಹಾಕಿದ "ಎಂಆರ್‌ಪಿ 799", "ಶೇ. 50 ರಿಯಾಯಿತಿ". ಎಲ್ಲದರ ಬೆಲೆಯೂ ಏರಿದೆ, ಇದೂ ಏರಿರಬೇಕು ಅಂದುಕೊಂಡ. ಅರ್ಧ ಬೆಲೆಗೆ ಸಿಗುತ್ತಿದೆಯಲ್ಲ ಎಂಬ ಸಮಾಧಾನ ಬೇರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಚ್ಚಿನವರು ಎಡವುವುದು ಈ ಪುಟದ ರಚನೆಯಲ್ಲೇ. ಮಾರುಕಟ್ಟೆ ತಾಣದಲ್ಲಿ ಒಂದು ವಸ್ತುವಿಗೆ ಒಂದೇ ಪುಟ. ಆ ಪುಟದ ಹಿಂದೆ ಹಲವು ಮಾರಾಟಗಾರರು. ನಕ್ಷತ್ರ, ಹೊಗಳಿಕೆ, ಫೋಟೊ ಎಲ್ಲ ವಸ್ತುವಿನವು, ಮಾರುವವನವಲ್ಲ. ಖರೀದಿಯ ಗುಂಡಿ ಒತ್ತಿದಾಗ ಆರ್ಡರ್ ಯಾರಿಗೆ ಹೋಗುತ್ತದೆ ಎಂಬುದನ್ನು ತಾಣದ ಲೆಕ್ಕಾಚಾರ ತೀರ್ಮಾನಿಸುತ್ತದೆ. ಹಿಂದೆ 125ಕ್ಕೆ ಕೊಟ್ಟವನ ದಾಸ್ತಾನು ಮುಗಿದಿತ್ತು, ಉಳಿದವನು ಒಬ್ಬನೇ, ಗುಂಡಿ ಅವನಿಗೆ ಸಿಕ್ಕಿತ್ತು. "ಮಾರಾಟಗಾರ" ಎಂಬ ಸಣ್ಣಕ್ಷರದ ಸಾಲೊಂದು ಬದಲಾದದ್ದು ಮಗನ ಕಣ್ಣಿಗೆ ಬೀಳಲಿಲ್ಲ. ಬೀಳುವಂತೆ ಅದನ್ನು ಇಟ್ಟೂ ಇರಲಿಲ್ಲ ಅನ್ನಿ.

ಸ್ಟಿಕ್ಕರಿನ ಅಡಿಯಲ್ಲಿ

ರಬ್ಬರ್ ಬಂತು, ಅಸಲಿ ಕಂಪನಿಯದ್ದೇ, ಸರಿಯಾಗಿ ಕೂತಿತು. ರಟ್ಟಿನ ಮೇಲೆ ಬೆಲೆ ಇರಬೇಕಾದ ಜಾಗದಲ್ಲಿ ಗೋದಾಮಿನ ಬಿಳಿ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಿತ್ತು. ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದ ಕಣ್ಣು. ಸ್ಟಿಕ್ಕರಿನ ಅಂಚಿನಿಂದ ಇಣುಕುತ್ತಿದ್ದ "ಎಲ್ಲ ತೆರಿಗೆ ಸೇರಿ" ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಅದು ಬಿಡಲಿಲ್ಲ. ಸರೋಜಮ್ಮ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸ್ಟಿಕ್ಕರಿನ ಮೂಲೆಯನ್ನು ಮೆಲ್ಲಗೆ ಉಜ್ಜಿ ಎಬ್ಬಿಸಿದರು. ಅಡಿಯಲ್ಲಿ ಎಂಆರ್‌ಪಿ 140 ರೂಪಾಯಿ. ತಯಾರಾದ ತಿಂಗಳೂ ಇತ್ತು, ತೀರಾ ಹಳೆಯ ಮಾಲೂ ಅಲ್ಲ.

ಸ್ಟಿಕ್ಕರನ್ನು ಪೂರ್ತಿ ಕಿತ್ತು ಬಿಸಾಡದೆ, ಅರ್ಧ ಎದ್ದ ಸ್ಥಿತಿಯಲ್ಲೇ ಒಂದು ಫೋಟೊ ತೆಗೆದು ಮಗನಿಗೆ ಕಳಿಸಿದರು. ಒಂದೇ ಚಿತ್ರದಲ್ಲಿ ಗೋದಾಮಿನ ಬಾರ್‌ಕೋಡೂ ಇದೆ, ಅಸಲಿ ಬೆಲೆಯೂ ಇದೆ. ಮುಂದೆ ಇಡೀ ಪ್ರಕರಣ ನಿಂತದ್ದು ಈ ಒಂದು ಫೋಟೊದ ಮೇಲೆ.

ಮೊದಲ ದೂರು, ಸಿದ್ಧ ಉತ್ತರ

ಮಗ ತಾಣದ ಚಾಟಿನಲ್ಲಿ ಬರೆದ: ಬೆಲೆ ತುಂಬ ಜಾಸ್ತಿ ತೆಗೆದುಕೊಂಡಿದ್ದಾರೆ, ಹಿಂದೆ 125ಕ್ಕೆ ಸಿಕ್ಕಿತ್ತು. ಉತ್ತರ ತಕ್ಷಣ ಬಂತು. ಬೆಲೆ ನಿಗದಿ ಮಾಡುವುದು ಮಾರಾಟಗಾರರ ಹಕ್ಕು, ನಾವು ಮಾರುಕಟ್ಟೆ ಮಾತ್ರ, ಬೇಡವಾದರೆ ವಾಪಸು ಮಾಡಿ, ಪೂರ್ತಿ ಹಣ ಕೊಡುತ್ತೇವೆ.

ಈ ಉತ್ತರದಲ್ಲಿ ಸುಳ್ಳೇನಿಲ್ಲ. ವಿದೇಶಿ ಬಂಡವಾಳವಿರುವ ಮಾರುಕಟ್ಟೆ ತಾಣ ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ, ಮಾರಾಟದ ಬೆಲೆಯ ಮೇಲೆ ನೇರವಾಗಿಯೋ ಪರೋಕ್ಷವಾಗಿಯೋ ಪ್ರಭಾವ ಬೀರುವಂತಿಲ್ಲ ಎಂದು ಕೇಂದ್ರ ಸರ್ಕಾರದ ನಿಯಮವೇ ಇದೆ. 2018ರ ಡಿಸೆಂಬರಿನಲ್ಲಿ ಅದನ್ನು ಬಿಗಿಗೊಳಿಸಿ 2019ರ ಫೆಬ್ರುವರಿ 1ರಿಂದ ಜಾರಿಗೆ ತಂದರು. ಸಣ್ಣ ಅಂಗಡಿಯವರನ್ನು ಕಾಪಾಡಲು ತಂದ ನಿಯಮ ಇಲ್ಲಿ ತಾಣಕ್ಕೆ ಕೈತೊಳೆದುಕೊಳ್ಳುವ ನೀರಾಗಿತ್ತು. "ಬೆಲೆ ಜಾಸ್ತಿ" ಎಂಬ ದೂರು ಸೋಲುವುದು ಇಲ್ಲಿಯೇ. ಜಾಸ್ತಿ ಎಂಬುದು ಅಭಿಪ್ರಾಯ. ಅದಕ್ಕೆ ಎದುರುತ್ತರ ಸಿದ್ಧವಿರುತ್ತದೆ.

ಮಗ ನಮ್ಮ ವೇದಿಕೆಗೆ ಫೋನ್ ಮಾಡಿದ್ದು ಈ ಹಂತದಲ್ಲಿ.

ವಾಪಸು ಕೊಡಬೇಕೇ?

ವಾಪಸಾತಿಯ ಗಡುವು ಇನ್ನೂ ಮುಗಿದಿರಲಿಲ್ಲ. ಮಗನ ಲೆಕ್ಕ ನೇರ: ಕಳಿಸಿಬಿಟ್ಟರೆ 399 ಪೂರ್ತಿ ಬರುತ್ತದೆ, ತಲೆನೋವು ಮುಗಿಯುತ್ತದೆ. ಇಟ್ಟುಕೊಂಡು ಹೋರಾಡಿದರೆ 259 ರೂಪಾಯಿಯ ವ್ಯತ್ಯಾಸ ಸಿಕ್ಕರೆ ಸಿಕ್ಕೀತು, ಇಲ್ಲವಾದರೆ ಅದೂ ಇಲ್ಲ. ನಾನು ಅವನಿಗೆ ಹೇಳಿದ್ದಿಷ್ಟೆ: ವಾಪಸು ಕಳಿಸಿದರೆ ರಬ್ಬರಿನ ಜೊತೆ ರಟ್ಟೂ ಹೋಗುತ್ತದೆ, ಸ್ಟಿಕ್ಕರೂ ಹೋಗುತ್ತದೆ. ಆಮೇಲೆ ನಿಮಗೆ ನಷ್ಟವೂ ಇಲ್ಲ, ಸಾಕ್ಷಿಯೂ ಇಲ್ಲ. ಅದೇ ರಬ್ಬರ್ ನಾಳೆ ಇನ್ನೊಬ್ಬರ ಮನೆಗೆ 399ಕ್ಕೇ ಹೋಗುತ್ತದೆ.

ತೀರ್ಮಾನ ಮಾಡಿದವರು ಸರೋಜಮ್ಮ. "ರಬ್ಬರ್ ಚೆನ್ನಾಗೇ ಇದೆ, ಬೇಳೆ ಬೇಯ್ತಿದೆ. ನಾನ್ಯಾಕೆ ವಾಪಸ್ ಕೊಡ್ಲಿ? ಜಾಸ್ತಿ ಇಸ್ಕೊಂಡಿದಾರಲ್ಲ, ಅದನ್ನ ಕೊಡ್ಲಿ."

ಸುಲಭದ ವಾಪಸಾತಿಯನ್ನು ಗ್ರಾಹಕರಿಗೆ ಸಿಕ್ಕ ದೊಡ್ಡ ಸೌಲಭ್ಯ ಎಂದು ಎಲ್ಲರೂ ಹೊಗಳುತ್ತಾರೆ. ಬಟ್ಟೆಗೆ, ಚಪ್ಪಲಿಗೆ ಹೌದು. ಎಂಆರ್‌ಪಿ ಮೀರಿದ ಮಾರಾಟದಲ್ಲಿ ಮಾತ್ರ ಅದು ತಪ್ಪು ಮಾಡಿದವನಿಗೇ ಹೆಚ್ಚು ಅನುಕೂಲ. ಗಮನಿಸಿದವರು ವಾಪಸು ಕೊಡುತ್ತಾರೆ, ಗಮನಿಸದವರು ದುಡ್ಡು ಕೊಡುತ್ತಾರೆ, ದೂರು ಎಂಬುದು ಹುಟ್ಟುವುದೇ ಇಲ್ಲ.

ದೂರಿನ ದಾರಿ ಬದಲಿಸಿದ್ದು

ಎರಡನೆಯ ದೂರನ್ನು ನಾವು ಕೂತು ಬೇರೆ ಥರ ಬರೆದೆವು. ಅದರಲ್ಲಿ "ದುಬಾರಿ", "ಮೋಸ" ಎಂಬ ಪದಗಳೇ ಇರಲಿಲ್ಲ. ಪರದೆಯ ಮೇಲೆ ತೋರಿಸಿದ ಎಂಆರ್‌ಪಿ 799, ಪ್ಯಾಕೆಟ್ಟಿನ ಮೇಲೆ ಅಚ್ಚಾದ ಎಂಆರ್‌ಪಿ 140, ತೆಗೆದುಕೊಂಡದ್ದು 399. ಈ ಮೂರು ಅಂಕಿ, ಮೂರಕ್ಕೂ ಚಿತ್ರ.

ಇದರ ಹಿಂದಿನ ಕಾನೂನು ಗಟ್ಟಿಯಾದದ್ದು. ಪೊಟ್ಟಣ ಸಾಮಗ್ರಿಗಳ ಕುರಿತ 2011ರ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ನಿಯಮಗಳ ಪ್ರಕಾರ ಅಚ್ಚಾದ ಚಿಲ್ಲರೆ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ, ಆ ಬೆಲೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಇವೆಲ್ಲ ಮೂಲೆಯ ಕಿರಾಣಿ ಅಂಗಡಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದು: 2018ರ ಜನವರಿ 1ರಿಂದ, ಪ್ಯಾಕೆಟ್ಟಿನ ಮೇಲೆ ಇರಬೇಕಾದ ಮುಖ್ಯ ವಿವರಗಳು, ಎಂಆರ್‌ಪಿ ಸೇರಿ, ಆನ್‌ಲೈನ್ ಪುಟದಲ್ಲೂ ಇರಬೇಕು. ಅಂದರೆ ಪರದೆಯ ಮೇಲಿನ ಎಂಆರ್‌ಪಿ ಅಲಂಕಾರಕ್ಕೆ ಹಾಕುವ ಸಂಖ್ಯೆಯಲ್ಲ, ಕಾನೂನಿನ ಪ್ರಕಾರ ಕೊಡುವ ಘೋಷಣೆ. ಅದು ಸರಿಯಿರುವಂತೆ ನೋಡಿಕೊಳ್ಳುವ ಹೊಣೆ ಮಾರುಕಟ್ಟೆ ಮಾದರಿಯಲ್ಲಿ ತಾಣದ್ದಲ್ಲ, ತಯಾರಕ ಅಥವಾ ಮಾರಾಟಗಾರನದ್ದು. ಆದರೆ ತಪ್ಪು ಗೊತ್ತಾದ ಮೇಲೂ ತಾಣ ಸುಮ್ಮನಿದ್ದರೆ ಆ ರಕ್ಷಣೆ ಉಳಿಯುವುದಿಲ್ಲ. ಹಾಗಾಗಿ ತಾಣಕ್ಕೆ "ಗೊತ್ತು ಮಾಡುವುದು" ನಮ್ಮ ಮೊದಲ ಕೆಲಸವಾಯಿತು.

ಈ ದೂರನ್ನು ಚಾಟಿಗೆ ಹಾಕಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರ ಹಾಕಿರಬೇಕು. 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಪುಟದ ತಳಭಾಗದಲ್ಲಿ ಹುಡುಕಿ ಆ ವಿಳಾಸಕ್ಕೆ ಇಮೇಲ್ ಕಳಿಸಿದೆವು. ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದಾಖಲಿಸಿ ಅದರ ಸಂಖ್ಯೆಯನ್ನೂ ಇಮೇಲಿನಲ್ಲಿ ಸೇರಿಸಿದೆವು.

ಇಮೇಲ್ ಕಳಿಸುವ ಮೊದಲು ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಮಾರಾಟಗಾರನ ಹೆಸರು, ದಿನಾಂಕ ಎರಡೂ ಕಾಣುವಂತೆ ಎಂದು ಮಗನಿಗೆ ಒತ್ತಿ ಹೇಳಿದ್ದೆವು. ಅದು ಉಪಯೋಗಕ್ಕೆ ಬಂತು. ಸ್ವೀಕೃತಿ ಬಂದ ಮಾರನೆಯ ದಿನವೇ ಪುಟದಲ್ಲಿ 799 ಮಾಯವಾಗಿತ್ತು.

ಬಿಲ್ಲಿನ ಒಳಗೆ ಏನಿತ್ತು

ಮೂರನೆಯ ಕಡೆಯೆಂದರೆ ಕಾನೂನು ಮಾಪನಶಾಸ್ತ್ರ ಇಲಾಖೆ, ಹಳಬರು ಇವತ್ತಿಗೂ ತೂಕ-ಅಳತೆ ಇಲಾಖೆ ಎನ್ನುವುದು. ಲಿಖಿತ ದೂರಿಗೆ ಬಿಲ್ ಲಗತ್ತಿಸುವಾಗ ಅದನ್ನು ಸಾಲು ಸಾಲಾಗಿ ಓದಿದೆವು. ತೆರಿಗೆ ಐಜಿಎಸ್‌ಟಿ ಎಂದಿತ್ತು, ಅಂದರೆ ಮಾಲು ಹೊರರಾಜ್ಯದ್ದು. ಮಾರಾಟಗಾರನ ಜಿಎಸ್‌ಟಿ ಸಂಖ್ಯೆ ಶುರುವಾದದ್ದು 07ರಿಂದ. ನಮ್ಮ ರಾಜ್ಯದ್ದಾದರೆ 29 ಇರಬೇಕು; 07 ದೆಹಲಿಯದ್ದು. ಆ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ನೋಂದಾಯಿತ ಹೆಸರು ಯಾರಿಗೂ ಸಿಗುತ್ತದೆ. ತಾಣದಲ್ಲಿ ಥಳಕಿನ ಇಂಗ್ಲಿಷ್ ಹೆಸರಿಟ್ಟುಕೊಂಡವನು ಅಲ್ಲಿ ಒಬ್ಬನೇ ಮಾಲೀಕನಿರುವ ಸಣ್ಣ ವ್ಯಾಪಾರಿ.

ಅದಕ್ಕಿಂತ ಮುಖ್ಯವಾದದ್ದು: ಬಿಲ್ಲಿನಲ್ಲಿ ಇದ್ದದ್ದು ಒಂದೇ ಐಟಂ, ಕುಕ್ಕರ್ ಗ್ಯಾಸ್ಕೆಟ್. ಡೆಲಿವರಿ ಚಾರ್ಜ್ ಎಂಬ ಸಾಲೇ ಇರಲಿಲ್ಲ.

ಇಲಾಖೆಯಿಂದ ತಾಣಕ್ಕೂ ಮಾರಾಟಗಾರನಿಗೂ ಪತ್ರ ಹೋದ ಮೇಲೆ ಮಾರಾಟಗಾರನೇ ಮಗನಿಗೆ ಫೋನ್ ಮಾಡಿದ. ಹಿಂದಿಯಲ್ಲಿ, ತೀರಾ ವಿನಯದಿಂದ. ಅವನ ವಾದಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಅವು ಪೂರ್ತಿ ಹುರುಳಿಲ್ಲದವಲ್ಲ. ನೂರ ನಲವತ್ತರ ವಸ್ತು ಮಾರಿದರೆ ತಾಣಕ್ಕೆ ಕಮಿಷನ್, ಪ್ರತಿ ಆರ್ಡರಿಗೆ ನಿಗದಿತ ಶುಲ್ಕ, ದೆಹಲಿಯಿಂದ ಹಾಸನಕ್ಕೆ ಸಾಗಣೆ, ಆ ಶುಲ್ಕಗಳ ಮೇಲೆ ಜಿಎಸ್‌ಟಿ. ಡೀಲರ್ ಲಾಭಾಂಶ ಕೊರಿಯರ್ ಖರ್ಚಿಗೂ ಸಾಲುವುದಿಲ್ಲ. ಎಂಆರ್‌ಪಿಗೆ ಮಾರಿದರೆ ಪ್ರತಿ ಆರ್ಡರಿಗೂ ಕೈಯಿಂದ ಹಾಕಬೇಕು. ನಿಜ. ನ್ಯಾಯವಾಗಿ ಮಾರುವವರು ಇಂಥ ಸಾಮಾನನ್ನು ತಾಣದಲ್ಲಿ ಇಡುವುದನ್ನೇ ಬಿಡುತ್ತಾರೆ; ಅವರು ಬಿಟ್ಟ ಜಾಗದಲ್ಲಿ ಇವನಂಥವರು ಕೂರುತ್ತಾರೆ. ಅಗ್ಗದ ವಸ್ತುವಿನಲ್ಲೇ ಈ ಕಾಯಿಲೆ ಹೆಚ್ಚು ಕಾಣುವುದಕ್ಕೆ ಇದೇ ಕಾರಣ.

ಆದರೆ ಅದಕ್ಕೆ ಕಾನೂನಿನಲ್ಲೇ ದಾರಿ ಇದೆ. ಒಟ್ಟು ಬೆಲೆಯನ್ನು ತೋರಿಸಿ ಅದರೊಳಗೆ ಡೆಲಿವರಿ, ಪ್ಯಾಕಿಂಗ್ ಇತ್ಯಾದಿ ಎಷ್ಟೆಷ್ಟು ಎಂದು ಬಿಡಿಸಿ ಹೇಳಬೇಕೆಂದು ಅದೇ 2020ರ ನಿಯಮಗಳು ಮಾರಾಟಗಾರನಿಗೆ ಹೇಳುತ್ತವೆ. ರಬ್ಬರ್ 140, ಸಾಗಣೆ ಇಷ್ಟು ಎಂದು ಹಾಕಿದ್ದರೆ ಕೊಳ್ಳುವವರು ಯೋಚಿಸುತ್ತಿದ್ದರು. ಸರೋಜಮ್ಮ ಇದನ್ನು ಕೇಳಿ ನಕ್ಕರು: "ನಮಗೆ ಬಸ್ ಫ್ರೀ ಇದೆ. ಸಾಗಣೆ ಅಷ್ಟಾಗುತ್ತೆ ಅಂತ ಗೊತ್ತಿದ್ರೆ ಹಾಸನಕ್ಕೇ ಹೋಗಿ ತರ್ತಿದ್ದೆ."

ಹೋಟೆಲಿನವರು ನೀರಿನ ಬಾಟಲಿಯನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು, ನಾನ್ಯಾಕೆ ಮಾರಬಾರದು ಎಂದೂ ಅವನು ಕೇಳಿದ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ಕುರ್ಚಿ, ಮೇಜು, ಬಡಿಸುವವರು ಎಲ್ಲ ಸೇರಿದ ಹೋಟೆಲಿನ ಸೇವೆಯ ವಿಷಯದಲ್ಲಿ. ಅಂಚೆಯಲ್ಲಿ ಬಂದ ರಬ್ಬರಿಗೆ ಅದು ಒಪ್ಪುವುದಿಲ್ಲ.

ಕೊನೆಯ ವಾದ ಸಾಫ್ಟ್‌ವೇರಿನದ್ದು: ಬೆಲೆ ಏರಿಸಿದ್ದು ನಾನಲ್ಲ, ಪ್ರತಿಸ್ಪರ್ಧಿ ಹೊರಹೋದೊಡನೆ ಪ್ರೋಗ್ರಾಮೇ ಏರಿಸಿತು. ಹೀಗಾಗುವುದುಂಟು. 2011ರಲ್ಲಿ ಅಮೆರಿಕದ ತಾಣವೊಂದರಲ್ಲಿ ನೊಣದ ಬೆಳವಣಿಗೆ ಕುರಿತ ಒಂದು ಜೀವಶಾಸ್ತ್ರ ಪುಸ್ತಕದ ಬೆಲೆ 2 ಕೋಟಿ 36 ಲಕ್ಷ ಡಾಲರಿಗೂ ಮೇಲೆ ಹೋಗಿತ್ತು. ಒಬ್ಬನ ಪ್ರೋಗ್ರಾಮು ಎದುರಾಳಿಯ ಬೆಲೆಗಿಂತ ಒಂದಿಷ್ಟು ಕಡಿಮೆ, 0.9983 ಪಟ್ಟು, ಇಡುತ್ತಿತ್ತು. ಇನ್ನೊಬ್ಬನದು ಅದರ 1.27 ಪಟ್ಟು ಏರಿಸುತ್ತಿತ್ತು. ಎರಡೂ ಒಂದನ್ನೊಂದು ನೋಡಿಕೊಂಡು ಏರುತ್ತಲೇ ಹೋದವು. ಆ ಎರಡನೆಯವನ ಬಳಿ ಬಹುಶಃ ಪುಸ್ತಕವೇ ಇರಲಿಲ್ಲ, ಆರ್ಡರ್ ಬಂದರೆ ಮೊದಲನೆಯವನಿಂದ ಕೊಂಡು ಕೊಡುವ ಎಣಿಕೆ ಎಂದು ಅದನ್ನು ಪತ್ತೆ ಹಚ್ಚಿದ ಜೀವವಿಜ್ಞಾನಿ ಊಹಿಸಿದರು. ಆದ್ದರಿಂದ 399ನ್ನು ಪ್ರೋಗ್ರಾಮು ಹಾಕಿತೆಂದೇ ಒಪ್ಪೋಣ. ಎಂಆರ್‌ಪಿ 799 ಎಂಬುದನ್ನು ಯಾರೋ ಕೂತು ಟೈಪ್ ಮಾಡಿರಬೇಕಲ್ಲ? ಮಗ ಇದನ್ನು ಕೇಳಿದಾಗ ಆ ಕಡೆ ಮಾತು ನಿಂತಿತು. ಆಮೇಲೆ, ದೂರು ವಾಪಸ್ ತೆಗೆದುಕೊಳ್ಳಿ, ಪೂರ್ತಿ 399 ಯುಪಿಐ ಮಾಡುತ್ತೇನೆ ಅಂದ. ಮಗ ಒಪ್ಪಲಿಲ್ಲ.

ಏನಾಯಿತು

ತಾಣ ಮೊದಲು 259 ರೂಪಾಯಿಯನ್ನು ತನ್ನ ವ್ಯಾಲೆಟ್ಟಿಗೆ ಹಾಕುವುದಾಗಿ ಬರೆಯಿತು, "ಸೌಹಾರ್ದಕ್ಕಾಗಿ" ಎಂಬ ಒಕ್ಕಣೆಯೊಂದಿಗೆ. ವ್ಯಾಲೆಟ್ಟಿನ ಹಣ ಮತ್ತೆ ಅಲ್ಲೇ ಖರ್ಚಾಗಬೇಕು. ದುಡ್ಡು ಕೊಟ್ಟ ಖಾತೆಗೇ ಬರಲಿ ಎಂದು ಉತ್ತರಿಸಿದ ಮೇಲೆ ಬ್ಯಾಂಕಿಗೇ ಬಂತು. ಸಹಾಯವಾಣಿಯ ದೂರು ಅಲ್ಲಿಗೆ ಮುಕ್ತಾಯ. ಇಲಾಖೆಯ ದೂರು ಹಾಗಲ್ಲ: ಹಣ ವಾಪಸು ಬಂದರೂ ಅಪರಾಧ ಅಪರಾಧವೇ. ಮಾರಾಟಗಾರ ಇಲಾಖೆಗೆ ರಾಜಿ ಶುಲ್ಕ ಕಟ್ಟಿ ಅದನ್ನು ಮುಗಿಸಿಕೊಂಡನೆಂದು ನಂತರ ಗೊತ್ತಾಯಿತು.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವ ಬಗ್ಗೆ ವೇದಿಕೆಯಲ್ಲಿ ಎರಡು ಅಭಿಪ್ರಾಯವಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಪ್ಯಾಕೆಟ್ಟಿನ ಮೇಲಿನ ಬೆಲೆಗಿಂತ ಹೆಚ್ಚು ಪಡೆಯುವುದು ನೇರವಾಗಿ ದೂರಿಗೆ ಕಾರಣ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, 2025ರಿಂದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬಿಲ್ ಮಗನ ಹೆಸರಿನಲ್ಲಿದ್ದರೂ ಅವನ ಒಪ್ಪಿಗೆಯಿಂದ ಬಳಸುವ ತಾಯಿಯೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ತಾಣದ "ನಾವು ಬರೀ ಮಾರುಕಟ್ಟೆ" ಎಂಬ ಮಾತಿಗೆ ಒಂದು ಆದೇಶದ ರೂಪದಲ್ಲಿ ಉತ್ತರ ಸಿಗುತ್ತಿತ್ತು. ಸರ್ಕಾರದ ಗುಣಮಟ್ಟದ ಆದೇಶಕ್ಕೆ ಹೊಂದದ ಪ್ರೆಷರ್ ಕುಕ್ಕರ್‌ಗಳ ಮಾರಾಟದ ವಿಷಯದಲ್ಲಿ 2022ರ ಆಗಸ್ಟಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎರಡು ದೊಡ್ಡ ತಾಣಗಳಿಗೆ ತಲಾ ಒಂದು ಲಕ್ಷ ದಂಡ ಹಾಕಿದಾಗ ಇದೇ ವಾದವನ್ನು ಒಪ್ಪಿರಲಿಲ್ಲ. ಆ ತಾಣಗಳು ದೆಹಲಿ ಹೈಕೋರ್ಟಿಗೆ ಹೋದವು. ಸರೋಜಮ್ಮ ಮಾತ್ರ ಬೇಡವೆಂದರು. ದುಡ್ಡು ಬಂತು, ಪುಟ ಸರಿಯಾಯಿತು, ಇನ್ನು ಕೋರ್ಟು ಕಚೇರಿ ಯಾಕೆ ಎಂಬ ಅವರ ಮಾತನ್ನು ಮೀರುವ ಹಕ್ಕು ನಮಗಿರಲಿಲ್ಲ.

ಇದಾದ ಮೇಲೆ ನಮ್ಮಲ್ಲಿ ಎರಡು ಪದ್ಧತಿ ಬದಲಾಗಿವೆ. ಫೋನ್ ಮಾಡಿದವರನ್ನು ಮೊದಲು ಕೇಳುವುದು "ಎಷ್ಟು ಕೊಟ್ಟಿರಿ" ಎಂದಲ್ಲ, "ಕವರ್ ಇದೆಯಾ" ಎಂದು. ಕಂಪನಿಯ ಗ್ರಾಹಕ ಸೇವೆಗೂ ಒಂದು ಇಮೇಲ್ ಹಾಕಿಸುತ್ತೇವೆ: ಈ ಬಿಡಿಭಾಗದ ಸಂಖ್ಯೆಗೆ ಸದ್ಯದ ಎಂಆರ್‌ಪಿ ಎಷ್ಟು ಎಂದು. ಈ ಪ್ರಕರಣದಲ್ಲಿ ಕಂಪನಿ ಒಂದೇ ಸಾಲಿನಲ್ಲಿ 140 ಎಂದು ಉತ್ತರಿಸಿತ್ತು. ಬೆಲೆ ಪರಿಷ್ಕರಣೆಯಾಗಿದೆ ಎಂದು ಮಾರಾಟಗಾರ ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ಆ ರಬ್ಬರಿನ ಪುಟದಲ್ಲಿ ಈಗ "ಸದ್ಯ ಲಭ್ಯವಿಲ್ಲ" ಎಂದಿದೆ. ಆದರೆ ಅದೇ ಕಂಪನಿಯ ರಬ್ಬರ್, ಸೇಫ್ಟಿ ವಾಲ್ವ್, ವೆಯ್ಟ್ ಮೂರೂ ಸೇರಿದ ಕಾಂಬೊ ಒಂದು ಹೊಸ ಮಾರಾಟಗಾರನ ಹೆಸರಿನಲ್ಲಿ 599ಕ್ಕೆ ಬಂದಿದೆ. ವೇದಿಕೆಯ ಸದಸ್ಯರೊಬ್ಬರು ತರಿಸಿ ನೋಡಿದರು. ಬಿಲ್ಲಿನ ಜಿಎಸ್‌ಟಿ ಸಂಖ್ಯೆಯಲ್ಲಿ ಮೂರರಿಂದ ಹನ್ನೆರಡನೆಯ ಅಕ್ಷರದವರೆಗೆ ಇರುವುದು ಮಾಲೀಕನ ಪ್ಯಾನ್. ಅದು ಹಳೆಯ ಬಿಲ್ಲಿನದ್ದೇ. ಪ್ಲಾಸ್ಟಿಕ್ ಕವರಿನ ಒಳಗೆ ಮೂರು ಪ್ಯಾಕೆಟ್, ಬೆಲೆ 140, 55, 130. ಕೂಡಿದರೆ 325. ಹೊರಗಿನ ಕವರಿನ ಮೇಲೆ ಯಾವ ಬೆಲೆಯೂ ಇಲ್ಲ. ಹೊಸ ದೂರಿಗೆ ಈ ನಾಲ್ಕರ ಫೋಟೊವನ್ನೂ ಎರಡು ಬಿಲ್ಲುಗಳನ್ನೂ ಲಗತ್ತಿಸಿ ಕಳಿಸಿದ್ದೇವೆ. ತಾಣದ ಸ್ವೀಕೃತಿ ಬಂದಿದೆ, ಉತ್ತರ ಬರಬೇಕಿದೆ.